ಗಟ್ಟಿಗಿತ್ತಿಯ ತೋಳು

ತುರಿಸುತ್ತಿದೆ, ಮೊನ್ನೆ ಸೂಜಿ ಚುಚ್ಚಿದ ಜಾಗವೇ, ಎಡ ಮುಂಗೈಯ ಒಳಮೈ, ಸೆರಗು ತಾಗಿದರೂ ಉರಿ, ತುರಿಸಬ್ಯಾಡ ರಾಚವ್ವಾ ಅಂದಿದ್ದರು ಡಾಕ್ಟರು, ಮೂರನೇ ದಿನ ಬಾ, ಅಳತಿ ಮಾಡತೀನಿ, ಅದಕ್ಕೇ ರಾಚವ್ವ ಸೆರಗನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು ಲೋಕಲ್ ರೈಲಿನ ಕಿಟಕಿಯಾಚೆ ನೋಡುತ್ತಾಳೆ, ಘಾಟ್ಕೋಪರ್ ಹಿಂದಾಯಿತು, ಕುರ್ಲಾ ಬಂತು — ಎದುರಿಗೆ ಕೂತ ಚಂಪಾ ಮಾತ್ರ ತನ್ನ ತೋಳನ್ನು ಬಿಸಿಲಿಗೆ ಹಿಡಿದು ನಗುತ್ತಿದ್ದಾಳೆ, ನೋಡು ಮಾರಾಯ್ತಿ, ಡಾಕ್ಟ್ರು ಬರೆದ ಶಾಯಿಯ ದುಂಡು ಬಿಟ್ಟರೆ ಏನೂ ಇಲ್ಲ, ಎಳೆ ಮಗುವಿನ ಕೈಯ ಹಾಗೆ ಉಂಟು, ರೋಗ ಹೋಯ್ತು ಅಂತಲೇ ಅಲ್ವಾ, ನಿನ್ನದು ತೋರಿಸು, — ಏನ್ ತೋರಸೂದು, ನಂದೂ ಹಂಗಽ ಅದ, ಸುಮ್ನ ಕೂಡ್ರು. ಸುಳ್ಳು. ಸೆರಗಿನಡಿಯ ದುಂಡು ರೂಪಾಯಿಯಗಲ ಕೆಂಪಾಗಿ ಬಾತು ಕೂತಿದೆ.

ಅಯ್ಯ ನನ್ನ ಬಾಯೇ, ಎಷ್ಟು ಮೆರೆಯಿತು ಮೂರು ದಿನ! ಪಕ್ಕದ ಖೋಲಿಯ ಚಂಪಾ, ಉಡುಪಿ ಹೋಟೆಲ್ಲಿನ ಅಡುಗೆಯವನ ಹೆಂಡತಿ, ಕುತ್ತಿಗೆಯಲ್ಲಿ ಗಂಟು, ಬಿಡದ ಒಣಕೆಮ್ಮು, ಇಡೀ ಚಾಳು ಕ್ಷಯವೆಂದು ಹೇಳಿ ನಳದ ಹತ್ತಿರ ಅವಳ ಕೊಡವನ್ನು ದೂರವಿಟ್ಟಿತು, ಧಾರವಾಡ ಕಡೆಯ ಈ ಡಾಕ್ಟರು ಗಂಟು ಕೊಯ್ದು ನೋಡಿ ಕ್ಷಯವಲ್ಲ, ಸಾರ್ಕಾಯ್ಡೋಸಿಸ್ ಎಂಬ ಬೇರೆಯೇ ರೋಗ, ಯಾರಿಗೂ ಅಂಟುವುದಿಲ್ಲ ಎಂದರೂ ನಂಬಿದವರು ಯಾರು — ಆಮೇಲೆ ಅವರಿಗೊಂದು ಸಂಶೋಧನೆ, ರೋಗದವರು ಇಪ್ಪತ್ತು, ರೋಗವಿಲ್ಲದವರು ಇಪ್ಪತ್ತು, ಎಲ್ಲರ ತೋಳಿಗೂ ಕ್ಷಯದ ಪರೀಕ್ಷೆಯ ಸೂಜಿ ಚುಚ್ಚಿ ಹೋಲಿಸಿ ನೋಡಬೇಕು, ನಿನ್ನದೇ ವಯಸ್ಸಿನ, ನಿನ್ನ ನಳದ್ದೇ ನೀರು ಕುಡಿಯುವ ಗಟ್ಟಿ ಹೆಂಗಸನ್ನು ಕರೆದು ತಾ ಚಂಪಾ, ಅಂದರು, ಅವಳು ಬಾಗಿಲು ಬಾಗಿಲಿಗೆ ಹೋದಳು, ಮೋಹಿನಿಗೆ ತಲೆನೋವು ಬಂತು, ಚನ್ನವ್ವನಿಗೆ ಅಂದೇ ವ್ರತ ನೆನಪಾಯಿತು, ಆಗ ರಾಚವ್ವ ಸೆರಗು ಸಿಕ್ಕಿಸಿ ಎದ್ದಳು, ನಾ ಬರತೀನಿ ನಡಿ, ವಿಜಾಪುರದ ಜೋಳದ ರೊಟ್ಟಿ ತಿಂದ ಮೈ ಇದು, ಮೂರು ಹಡದೀನಿ, ಒಂದು ದಿನ ಹಾಸಿಗಿ ಹಿಡದಿಲ್ಲ, ನನಗಿಂತ ಗಟ್ಟಿ ಯಾರದಾರ ಈ ಚಾಳಿನ್ಯಾಗ! ಆಸ್ಪತ್ರೆಯ ಕಾಗದದಲ್ಲಿ ಆರೋಗ್ಯವಂತರು ಎಂಬ ಸಾಲಿನಡಿ ತನ್ನ ಹೆಸರು, ಅದನ್ನು ನಳದ ಹತ್ತಿರ ಎಷ್ಟು ಸಲ ಹೇಳಿದಳೋ — ಈಗ ಈ ಬಾವು, ನಿಂಬೆರಸಕ್ಕೂ ಇಳಿಯದ ಬಾವು, ನಾಳೆ ನನ್ನ ಕೊಡ ದೂರವಿಡುತ್ತಾರೆ, ನನ್ನ ಮಕ್ಕಳ ಲೋಟ ಬೇರೆಯಾಗುತ್ತದೆ, ದಾದರಿನಲ್ಲಿ ಇಳಿದು ತಿರುಗಿ ಹೋದರೆ? ಥೂ, ಓಡಿಹೋಗೂ ಪೈಕಿ ಅಲ್ಲ ನಾ, ಇದ್ದದ್ದನ್ನ ಇದ್ದಂಗ ತೋರಸೂದು, ಆದದ್ದಾಗಲಿ.

ಚಂಪಾಳನ್ನು ಹೊರಗೆ ಬೆಂಚಿನ ಮೇಲೆ ಬಿಟ್ಟು ತಾನೇ ಮೊದಲು ಒಳಹೊಕ್ಕಳು, ಸೆರಗು ಸರಿಸಿ ತೋಳು ಚಾಚಿದಳು, ಕುತ್ತಿಗೆ ಬಗ್ಗಿಲ್ಲ, ನನಗಽ ರೋಗ ಹತ್ತೇದೇನ್ರಿ, ನೆಟ್ಟಗ ಹೇಳ್ರಿ — ಡಾಕ್ಟರು ಅಳತೆಪಟ್ಟಿ ಇಟ್ಟು ಅಳೆದರು, ಹದಿನಾರು ಮಿಲಿಮೀಟರು, ನಕ್ಕರು, ಶಾಬಾಸ್ ರಾಚವ್ವಾ, ರೋಗ ಅಲ್ಲ ಇದು, ಮುಂಬೈ ಗಾಳಿ ಕುಡಿದ ಗಟ್ಟಿ ಮೈ ಸೂಜಿಗೆ ಹಿಂಗಽ ಉತ್ತರಾ ಕೊಡಬೇಕು, ಚಂಪಾನ ರೋಗ ಇದ್ದವರ ತೋಳಿಗೆ ಬಾವು ಬರೂದಽ ಇಲ್ಲ, ಚುಚ್ಚಿದರೂ ಮೈಗೆ ಗೊತ್ತಾಗೂದಿಲ್ಲ. ಅಬ್ಬಾ! ಗೆದ್ದೆ, ನಾ ಅಂದಿದ್ದೆನಲ್ಲ, ಹದಿನಾರು, ಬರೆದುಕೊಳ್ಳಿ, ಘಾಟ್ಕೋಪರ್ ತನಕ ತೋಳು ಬಿಚ್ಚಿಕೊಂಡೇ ಹೋಗುತ್ತೇನೆ, ನಳದ ಮುಂದೆ ನಿಂತು ಒಬ್ಬೊಬ್ಬರಿಗೂ ತೋರಿಸುತ್ತೇನೆ, ಹೆದರಿ ಬಾಗಿಲು ಹಾಕಿಕೊಂಡ ಚನ್ನವ್ವನಿಗೆ ಮೊದಲು, ಮೂರು ಹಡೆದ ಮೈ, ಹದಿನಾರು — ಅಷ್ಟರಲ್ಲಿ ಚಂಪಾ ಒಳಗೆ ಬಂದಳು, ಕರೆಯುವ ಮೊದಲೇ ಬಂದಳು, ನಗುತ್ತ ತೋಳು ಮುಂದೆ ಹಿಡಿದಳು, ನೋಡಿ ಡಾಕ್ಟ್ರೇ, ನನ್ನದು ಪೂರಾ ಸಾಫ್ ಉಂಟು, ರಾಚವ್ವನದಕ್ಕಿಂತ ಚಂದ, ಡಾಕ್ಟರು ಬೆರಳಾಡಿಸಿದರು, ಇನ್ನೊಮ್ಮೆ ಆಡಿಸಿದರು, ಸೊನ್ನೆ ಎಂದು ಬರೆದರು, ಚಂಪಾ ಇನ್ನೂ ತೋಳು ಇಳಿಸಿಲ್ಲ, ಹೇಳೇ ರಾಚವ್ವಾ, ಚಂದ ಅಲ್ವಾ, — ಆ ನುಣುಪು ತೋಳು, ಆ ಶಾಯಿಯ ದುಂಡು, ಚುಚ್ಚಿದ್ದು ಮೈಗೆ ಗೊತ್ತೇ ಆಗಿಲ್ಲ, ರೋಗ ಹೋಗಿಲ್ಲ, ದುಂಡಿನ ಒಳಗೆ ಏನೂ ಇಲ್ಲ, ಏನೂ ಇಲ್ಲ,