ದಾನಕ್ಕೆ ಹೋದ ದೋಸೆ ಹೆಂಚು

ನಾನು ಒಂದು ಕಬ್ಬಿಣದ ದೋಸೆ ಹೆಂಚು. ಹುಟ್ಟಿದ್ದು ಆಕಾಶದಲ್ಲಿ. ನಗಬೇಡಿ. ನಿಮ್ಮ ಮನೆಯ ಸ್ಟೀಲು ಲೋಟವೂ ಅಲ್ಲಿಂದಲೇ ಬಂದದ್ದು, ಆದರೆ ಅದಕ್ಕೆ ಹೇಳಿಕೊಳ್ಳುವ ಚಪಲ ಇಲ್ಲ, ನನಗಿದೆ.

ಸೂರ್ಯ ಇನ್ನೂ ಹುಟ್ಟಿರದ ಕಾಲ. ಅವನಿಗಿಂತ ಎಷ್ಟೋ ಪಾಲು ದೊಡ್ಡದಾದ ಒಂದು ನಕ್ಷತ್ರ ಉರಿಯುತ್ತಿತ್ತು. ಹಗುರವಾದದ್ದನ್ನು ಬೆಸೆದು ಭಾರವಾದದ್ದನ್ನು ಮಾಡುವುದು, ಆ ಬೆಸುಗೆಯಲ್ಲಿ ಬಂದ ಶಾಖದಿಂದ ಜೀವ ಹಿಡಿದುಕೊಂಡಿರುವುದು, ಹೀಗೆ ಅದರ ಸಂಸಾರ ನಡೆದಿತ್ತು. ಕೊನೆಗೊಂದು ದಿನ ಅದರ ಹೊಟ್ಟೆಯಲ್ಲಿ ಕಬ್ಬಿಣವಾಗಿ ನಾನು ಕಾಣಿಸಿಕೊಂಡೆ. ಕಬ್ಬಿಣವನ್ನು ಬೆಸೆದರೆ ಶಾಖ ಬರುವುದಿಲ್ಲ, ಬದಲಿಗೆ ಖರ್ಚಾಗುತ್ತದೆ. ಒಲೆ ಆರಿತು. ನಕ್ಷತ್ರ ಕುಸಿಯಿತು, ಸಿಡಿಯಿತು, ದಿಕ್ಕಾಪಾಲಾಯಿತು. ಹುಟ್ಟಿದ ಗಳಿಗೆಯಲ್ಲೇ ತಾಯಿಯನ್ನು ನುಂಗಿದ ಮಗು ಎಂದು ಬೈಯಲು ಸದ್ಯ ಅಲ್ಲಿ ನೆಂಟರಿಷ್ಟರು ಯಾರೂ ಇರಲಿಲ್ಲ.

ಆಮೇಲೆ ಧೂಳಾಗಿ ಅಲೆದೆ. ಭೂಮಿ ಕೂಡಿಕೊಳ್ಳುವಾಗ ನಾನೂ ಒಳಗೆ ನುಸುಳಿದೆ. ಚಿತ್ರದುರ್ಗದ ಕಡೆಯ ಒಂದು ಕೆಂಪು ಬೆಟ್ಟದಲ್ಲಿ ಕೋಟ್ಯಂತರ ವರ್ಷ ಸೋಮಾರಿಯಾಗಿ ಬಿದ್ದುಕೊಂಡಿದ್ದೆ. ಜನ ಬಂದು ಅಗೆದರು, ಕರಗಿಸಿದರು, ತಗಡು ಮಾಡಿದರು. ಹೊಸದುರ್ಗದ ಕಮ್ಮಾರ ವೀರಾಚಾರಿ ದುಂಡಗೆ ಕತ್ತರಿಸಿ, ಬಡಿದು, ಎರಡು ಹಿಡಿ ಕೂರಿಸಿದ. ಆಗಷ್ಟೇ ಮದುವೆಯಾಗಿ ಬಂದಿದ್ದ ತಿಪ್ಪಮ್ಮ ನನ್ನನ್ನು ಕೊಂಡಳು.

ಹೊಸ ಹೆಂಚನ್ನು ಪಳಗಿಸುವುದು ಎಂದರೆ ಏನೆಂದು ಅವಳು ನನಗೆ ತೋರಿಸಿದಳು. ಅರ್ಧ ಈರುಳ್ಳಿಯಲ್ಲಿ ಎಣ್ಣೆ ಅದ್ದಿ ಮೈಯೆಲ್ಲ ಉಜ್ಜಿದಳು. ಮೊದಲ ದೋಸೆ ಅಂಟಿಕೊಂಡಿತು, ನನಗೆ ಬೈದಳು. ಎರಡನೆಯದು ಹರಿಯಿತು, ವೀರಾಚಾರಿಗೆ ಬೈದಳು. ಮೂರನೆಯದಕ್ಕೆ ಗಂಡ ಸಿಕ್ಕಿದ. ಆದರೆ ಕೆಲವು ವಾರಗಳಲ್ಲಿ ನಾನು ಪಳಗಿದೆ. ಗಂಡನೂ ಪಳಗಿದ. ಅವನು ತೀರಿಕೊಂಡ ಮೇಲೂ ಅವಳು ನನ್ನ ಮುಂದೆ ಕೂತು ಮಗ ಓಂಕಾರಪ್ಪನಿಗೆ ದೋಸೆ ಹುಯ್ದಳು. ಅವನು ದೊಡ್ಡವನಾಗಿ ಬಸ್ ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟ. ಅವನಿಗೆ ವನಜಾಕ್ಷಿ ಎಂಬ ಹುಡುಗಿಯನ್ನು ತಂದರು.

ವನಜಾಕ್ಷಿಯದು ಮಾತು ಕಡಿಮೆ. ಎಲ್ಲರದೂ ಆದ ಮೇಲೆ ಉಳಿದ ಹಿಟ್ಟಿನಲ್ಲಿ ಒಂದು ದೋಸೆ ಹುಯ್ದುಕೊಂಡು ನಿಂತೇ ತಿನ್ನುತ್ತಿದ್ದಳು. ತಿನ್ನುವಾಗ ನನ್ನ ಹಿಡಿಯ ಮೇಲೆ ಬೆರಳಿಟ್ಟು ತಾಳ ಹಾಕುತ್ತಿದ್ದಳು. ನನಗೆ ಅವಳೆಂದರೆ ಬಹಳ ಇಷ್ಟ.

ಅವಳು ಬಂದ ತಿಂಗಳಲ್ಲೇ ಅಂಗಡಿಯ ಕಂಪ್ರೆಸರ್ ಸಿಡಿಯಿತು. ಅದು ಸೆಕೆಂಡ್ ಹ್ಯಾಂಡ್ ಮಾಲು, ಸಿಡಿಯದೆ ಏನು ಮಾಡೀತು? ಮುಂದಿನ ತಿಂಗಳು ತಿಪ್ಪಮ್ಮ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಸೋಪು ಅಲ್ಲಿ ಬಿಟ್ಟವಳು ಅವಳೇ. ಆದರೂ ಸೊಸೆಯ ಕಾಲ್ಗುಣ ಸರಿಯಿಲ್ಲ ಎಂದು ಗೊಣಗಾಡಲು ಶುರು ಮಾಡಿದಳು. ಜೋಯಿಸರ ಹತ್ತಿರ ಹೋದಳು. ಆಕಾಶದಿಂದ ಶನಿಯ ದೃಷ್ಟಿ ಮನೆಯೊಳಗೆ ಬಿದ್ದಿದೆ, ಒಲೆಯ ಮೇಲಿನ ಕಬ್ಬಿಣವನ್ನು ಎಳ್ಳೆಣ್ಣೆಯ ಸಮೇತ ದಾನ ಕೊಡು, ಕಾಟ ಮುಗಿಯುವ ತನಕ ಹೊಸ ಕಬ್ಬಿಣ ಹೊಸಿಲು ದಾಟಕೂಡದು ಎಂದು ಅವರು ಅಪ್ಪಣೆ ಕೊಡಿಸಿದರು. ತಿಪ್ಪಮ್ಮ ಮಗನ ಹಳೇ ಸ್ಪ್ಯಾನರ್ ಕೊಟ್ಟರೆ ನಡೆಯುತ್ತದೆಯೇ ಎಂದು ಚೌಕಾಸಿ ಮಾಡಿ ನೋಡಿದಳು. ನಡೆಯಲಿಲ್ಲ. ಶನಿವಾರ ಶನಿದೇವರ ಪಟ ಹೊತ್ತು ಬರುವ ದುರ್ಗಪ್ಪನ ಮುಂದೆ ನನ್ನನ್ನಿಟ್ಟು ಗೊಳೋ ಎಂದು ಅತ್ತಳು. ನನಗೂ ಅಳು ಬಂತು, ಆದರೆ ಮೈಯೆಲ್ಲ ಎಣ್ಣೆ ಇದ್ದುದರಿಂದ ಯಾರಿಗೂ ತಿಳಿಯಲಿಲ್ಲ.

ದುರ್ಗಪ್ಪನ ಹೆಂಡತಿ ಮಾರಕ್ಕ ಆಸ್ಪತ್ರೆ ಗೇಟಿನ ಎದುರು ತಳ್ಳುಗಾಡಿಯಲ್ಲಿ ದೋಸೆ ಮಾರುತ್ತಿದ್ದಳು. ಶನಿಗೆ ಸೇರಬೇಕಾದ ನಾನು ಮಾರಕ್ಕನ ಸ್ಟೌ ಸೇರಿದೆ. ರೋಗಿಗಳು, ನರ್ಸುಗಳು, ಡಾಕ್ಟರಮ್ಮ ಎಲ್ಲರೂ ನನ್ನ ಗಿರಾಕಿಗಳಾದರು.

ಒಂದು ಬೆಳಿಗ್ಗೆ ವನಜಾಕ್ಷಿ ಬಂದಳು. ಬಸುರಿ. ತುಟಿ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು, ತಲೆ ಸುತ್ತಿ ಗಾಡಿಯ ಅಂಚು ಹಿಡಿದುಕೊಂಡಳು. ಹಿಂದೆ ತಿಪ್ಪಮ್ಮ. ದೋಸೆ ತಿನ್ನುತ್ತಿದ್ದ ಡಾಕ್ಟರಮ್ಮ ಅಲ್ಲೇ ಬೆಂಚಿನ ಮೇಲೆ ಕೂರಿಸಿಕೊಂಡು, ಕಣ್ಣಿನ ರೆಪ್ಪೆ ಎಳೆದು ನೋಡಿ ಬೈದರು. ರಕ್ತ ತೀರಾ ಕಡಿಮೆ, ಹೆರಿಗೆಯೊಳಗೆ ಏರದಿದ್ದರೆ ತಾಯಿಗೂ ಮಗುವಿಗೂ ಅಪಾಯ, ಕಬ್ಬಿಣದ ಮಾತ್ರೆ ತಪ್ಪಿಸಬಾರದು, ಸೊಪ್ಪು ತಿನ್ನಬೇಕು ಎಂದರು. ಮನೆಯಲ್ಲಿ ಕಬ್ಬಿಣದ ಹೆಂಚಿದ್ದರೆ ಅದರಲ್ಲೇ ದೋಸೆ ಹುಯ್ಯಿರಿ, ಹುಳಿ ಹಿಟ್ಟು ಹೆಂಚಿನಿಂದ ಚೂರು ಕಬ್ಬಿಣ ಎಳೆದುಕೊಂಡು ಮೈಗೆ ಕೊಡುತ್ತದೆ, ಮಾತ್ರೆಯ ಜೊತೆಗೆ ಅದೂ ಇರಲಿ ಎಂದರು.

ತಿಪ್ಪಮ್ಮನ ಕಣ್ಣು ಆಗ ನನ್ನ ಮೇಲೆ ಬಿತ್ತು. ಅಷ್ಟು ವರ್ಷ ತಿಕ್ಕಿದವಳಿಗೆ ಗುರುತು ಹೇಳಬೇಕೇ? ಆದರೆ ಕೊಟ್ಟ ದಾನವನ್ನು ಹಿಂದೆ ಕೇಳುವ ಹಾಗಿಲ್ಲ, ಹೊಸದನ್ನು ಮನೆಗೆ ತರುವ ಹಾಗೂ ಇಲ್ಲ. ಡಾಕ್ಟರನ್ನೂ ಜೋಯಿಸರನ್ನೂ ಎದುರು ಹಾಕಿಕೊಳ್ಳದೆ ಅವಳು ಒಂದು ದಾರಿ ಹುಡುಕಿದಳು. ಮಾರನೆಯ ದಿನದಿಂದ ಸೊಸೆಯನ್ನು ಕರೆದುಕೊಂಡು, ಸೆರಗಿನ ಮರೆಯಲ್ಲಿ ಹಿಟ್ಟಿನ ಪಾತ್ರೆ ಹಿಡಿದು ಗಾಡಿಗೇ ಬಂದಳು. ಮಾರಕ್ಕನನ್ನು ಮೊಣಕೈಯಿಂದ ಸರಿಸಿ ತಾನೇ ದೋಸೆ ಹುಯ್ದಳು. ಉರಿ ಜಾಸ್ತಿಯಾಯಿತು, ಎಣ್ಣೆ ಕಡಿಮೆಯಾಯಿತು ಎಂದು ಮಾರಕ್ಕನಿಗೇ ಪಾಠ ಬೇರೆ. ಇನ್ನು ಮಾತ್ರೆಯೂ ಕಬ್ಬಿಣವೇ ತಾನೆ? ಅದನ್ನೂ ಮನೆಗೆ ಒಯ್ಯದೆ ಮಾರಕ್ಕನ ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಇಡಿಸಿದಳು. ಗಾಡಿ ಬಾರದ ದಿನ ವನಜಾಕ್ಷಿಗೆ ದೋಸೆಯೂ ಇಲ್ಲ, ಮಾತ್ರೆಯೂ ಇಲ್ಲ. ಅಮಾವಾಸ್ಯೆ ಎಂದು ಒಂದು ದಿನ, ಜ್ವರ ಎಂದು ನಾಲ್ಕು ದಿನ ಮಾರಕ್ಕ ಗಾಡಿ ತರಲಿಲ್ಲ. ಮಾರಕ್ಕನ ಮನೆಯಲ್ಲಿ ಎಣ್ಣೆ ಸೋಕದೆ ಒಣಗುತ್ತಾ ನಾನು ಆ ಹುಡುಗಿಯನ್ನೇ ನೆನೆದು ಸಂಕಟಪಟ್ಟೆ.

ಮತ್ತೆ ಗಾಡಿ ಬಂದ ದಿನ ಡಾಕ್ಟರಮ್ಮ ರಿಪೋರ್ಟು ನೋಡಿ, ಏರಬೇಕಾದಷ್ಟು ಏರಿಲ್ಲವಲ್ಲ ಎಂದರು. ಮಾತ್ರೆ ಇಟ್ಟಿದ್ದ ಜಾಗ ತಿಳಿದಾಗ ಕೋಪ ಮಾಡಿಕೊಳ್ಳುವುದೋ ನಗುವುದೋ ಅವರಿಗೆ ಗೊತ್ತಾಗಲಿಲ್ಲ.

"ಅಮ್ಮ, ರಕ್ತದ ಕೆಂಪೇ ಕಬ್ಬಿಣದ್ದು. ಆ ಕಬ್ಬಿಣ ಆಗಿದ್ದು ಯಾವುದೋ ಕಾಲದ ನಕ್ಷತ್ರಗಳಲ್ಲಿ. ಈ ಹೆಂಚಲ್ಲಿರೋದೂ ಅದೇ, ನಿಮ್ಮ ಮೈಯಲ್ಲಿರೋದೂ ಅದೇ."

ತಿಪ್ಪಮ್ಮ ಸಟ್ಟುಗ ಹಿಡಿದುಕೊಂಡೇ ಯೋಚಿಸಿದಳು. "ಹಂಗಾದ್ರೆ ಆಕಾಶದ್ದು ಮನೆಯೊಳಗೆ ಐತೆ ಅಂತ ಜೋಯಿಸ್ರು ಹೇಳಿದ್ದು ಸರೀನೇ ಆತಲ್ಲ."

ಆಗ ವನಜಾಕ್ಷಿ ಬಾಯಿ ಬಿಟ್ಟಳು. "ಅತ್ತೆ, ದಿನಾ ಇಲ್ಲಿ ಕಬ್ಬಿಣ ತಿಂದು ಮನೆಗೇ ತಾನೆ ಹೋಗ್ತಿರೋದು? ಕಬ್ಬಿಣ ಹೊಸಿಲು ದಾಟಬಾರ್ದು ಅಂದ್ರೆ ನಾನು ದಾಟಬಾರ್ದು. ನೀವೂ ದಾಟಬಾರ್ದು."

ನನ್ನ ಮೇಲಿದ್ದ ದೋಸೆ ಸೀದುಹೋಯಿತು. ತಿಪ್ಪಮ್ಮ ಜೀವಮಾನದಲ್ಲಿ ಸೀಯಿಸಿದ ದೋಸೆ ಅದೊಂದೇ ಇರಬೇಕು. ಸೊಸೆಯ ಬಿಳಿಚಿದ ಮುಖವನ್ನು ಅವತ್ತೇ ಮೊದಲು ನೋಡುವವಳಂತೆ ನೋಡಿದಳು. ಡಬ್ಬಿಯ ಪಕ್ಕದಿಂದ ಮಾತ್ರೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಡಿಯೇ ವನಜಾ, ಮನೆಗೆ ಹೋಗಾನ. ಕಾಲ್ಗುಣ ಕಾಲ್ಗುಣ ಅಂತ ನಿನ್ನ ಜೀವ ತೆಗೀತಿದ್ನಲ್ಲ ನಾನು," ಎಂದಳು.

ಅಂದೇ ಮನೆಗೆ ಹೊಸ ಕಬ್ಬಿಣದ ಹೆಂಚು ಬಂತಂತೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮಾತ್ರೆ ತಪ್ಪಲಿಲ್ಲ, ರಕ್ತ ಏರಿತು. ಎದುರಿನ ಆಸ್ಪತ್ರೆಯಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು. ತಾಯಿಯೂ ಕ್ಷೇಮ ಎಂದು ನರ್ಸು ಬಂದು ಹೇಳಿದಾಗ ಮಾರಕ್ಕ ಅಲ್ಲಿದ್ದವರಿಗೆಲ್ಲ ಸುಮ್ಮನೆ ದೋಸೆ ಕೊಟ್ಟಳು. ನಾನು ಅಷ್ಟು ಖುಷಿಯಾಗಿ ಎಂದೂ ಕಾದಿರಲಿಲ್ಲ.

ಈಗ ನನಗೆ ವಯಸ್ಸಾಗಿದೆ. ನಡುಭಾಗ ತೆಳುವಾಗಿ ಬಿರುಕು ಬಿಟ್ಟು, ಗಾಡಿಯ ಕೆಳಗೆ ನೀರಿನ ಡ್ರಮ್ಮಿಗೆ ಮುಚ್ಚಳವಾಗಿದ್ದೇನೆ. ಎಲ್ಲ ಸವೆದುಹೋಯಿತು ಎನ್ನುತ್ತಾಳೆ ಮಾರಕ್ಕ. ಒಂದಿಷ್ಟು ಪಾತ್ರೆ ತೊಳೆದ ನೀರಿನಲ್ಲಿ ಹೋಗಿರಬಹುದು, ಇಲ್ಲವೆನ್ನುವುದಿಲ್ಲ. ಮೊನ್ನೆ ಅತ್ತೆ ಸೊಸೆ ಗಾಡಿಯ ಮುಂದೆ ನಿಂತು, ಮಗುವಿಗೆ ಟೋಪಿ ಬೇಕೋ ಬೇಡವೋ ಎಂದು ಸಮಸಮ ಜಗಳವಾಡಿದರು. ವನಜಾಕ್ಷಿಯ ದನಿ ಒಂದು ಕೈ ಮೇಲೇ ಇತ್ತು. ಇಬ್ಬರ ರಕ್ತದಲ್ಲೂ ನಾನಿರುವಾಗ ಯಾರ ಪರ ವಹಿಸಲಿ? ಅಷ್ಟರಲ್ಲಿ ಮಗು ಟೋಪಿ ಕಿತ್ತೆಸೆದು, ಮುಖ ಕೆಂಪಗೆ ಮಾಡಿಕೊಂಡು ಬೀದಿಗೆಲ್ಲ ಕೇಳುವಂತೆ ಕಿರುಚಿತು. ನಾನು ಸವೆದು ಎಲ್ಲಿಗೆ ಹೋದೆ ಎಂದು ಕೇಳುವವರು ಬಂದು ಆ ಕೆಂಪನ್ನು ನೋಡಲಿ.