ಶಂಭುಲಿಂಗನ ಮೂಗು

ಸವಣೂರಿನ ಆ ಓಣಿಯಲ್ಲಿ ಗುದ್ಲೆಪ್ಪನಷ್ಟು ನಾಜೂಕಾಗಿ ಹಂದಿ ಸಾಕಿದವರು ಹಿಂದೆ ಹುಟ್ಟಿರಲಿಲ್ಲ. ಹಿತ್ತಲಲ್ಲಿದ್ದದ್ದು ಮೂರೇ ಹಂದಿ. ದಿನಕ್ಕೆರಡು ಸಲ ಗೂಡು ತೊಳೆದು, ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕುತ್ತಿದ್ದ. ಪಕ್ಕದ ಖಾನಾವಳಿಯಿಂದ ಮುಸುರೆ ಹೊತ್ತು ತಂದು ಹಾಕುವುದಿತ್ತಲ್ಲ, ಅದನ್ನು ಕಂಡೊಡನೆ ಅವು ಕಿರುಚುತ್ತವೆಂದು ಎದುರಿನ ಹಿಟ್ಟಿನ ಗಿರಣಿಯ ಸದ್ದು ಶುರುವಾಗುವ ತನಕ ಕಾಯುತ್ತಿದ್ದ. ಕರೆಂಟು ಹೋದ ದಿನ ಹಂದಿಗಳಿಗೆ ಉಪವಾಸ. ಇಷ್ಟು ಮರ್ಯಾದೆಯನ್ನು ಅವನು ಬೀಗರಿಗೂ ಕೊಟ್ಟವನಲ್ಲ.

ಆದರೆ ಖಾನಾವಳಿಯ ಶಂಭುಲಿಂಗನ ಮೂಗು ಒಪ್ಪಬೇಕಲ್ಲ! ಹಣೆತುಂಬ ವಿಭೂತಿ ಬಳಿದು ಗಲ್ಲಾದಲ್ಲಿ ಕೂತವನು ಗುದ್ಲೆಪ್ಪನನ್ನು ಕಂಡರೆ ಸಾಕು, ಟವೆಲ್ಲನ್ನು ಮೂಗಿಗೇರಿಸುತ್ತಿದ್ದ. ಕೊನೆಗೆ, ಗಿರಾಕಿಗಳು ಹಂದಿ ನಾತಕ್ಕೆ ರೊಟ್ಟಿ ಬಿಟ್ಟು ಏಳುತ್ತಾರೆಂದು ಓಣಿಯ ಹಿರಿಯ ಉಳಿವೆಪ್ಪನವರಿಗೆ ದೂರು ಕೊಟ್ಟ. ಎಂಟು ದಿನದಲ್ಲಿ ನಾತ ನಿಲ್ಲದಿದ್ದರೆ ಹಂದಿಗಳನ್ನು ಮಾರಲೇಬೇಕೆಂದು ಅವರು ಹೇಳಿಬಿಟ್ಟರು.

ಮೂರರಲ್ಲೊಂದು ಗಬ್ಬದ ಹಂದಿ; ಹೆಂಡತಿ ಹುಚ್ಚವ್ವ ಮರಿಯಿದ್ದಾಗಿನಿಂದ ಕೈಯಾರೆ ಉಣಿಸಿದ್ದು. ಮಾರುವ ಮಾತೆತ್ತಿದರೆ ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಕೊನೆಗೆ ಗಂಡ ಹೆಂಡತಿ ಸೇರಿ ಒಂದು ಹಂಚಿಕೆ ಹಾಕಿದರು. ಮರುದಿನ ನಸುಕಿನಲ್ಲೇ ಯಾರಿಗೂ ಸುಳಿವು ಕೊಡದೆ ಮೂರನ್ನೂ ಟಂಟಂ ಆಟೋದಲ್ಲಿ ಹೇರಿ, ಯಲವಿಗಿಯಲ್ಲಿದ್ದ ಅವನ ಅಕ್ಕ ಅಡಿವೆವ್ವನ ಮನೆಗೆ ಬಿಟ್ಟು ಬಂದರು. ಹಿರಿಯರು ನಾತವಿಲ್ಲ ಎಂದುಬಿಟ್ಟರೆ ವಾಪಸ್ ತಂದರಾಯಿತು.

ಮೂರನೇ ದಿನಕ್ಕೆ ನಾತ ಮೊದಲಿಗಿಂತ ಹೆಚ್ಚಾಯಿತು. ಸುಳ್ಳಲ್ಲ, ಗುದ್ಲೆಪ್ಪನ ಮೂಗಿಗೇ ಬಡಿಯಿತು. ಖಾಲಿ ಗೂಡನ್ನು ತಿಕ್ಕಿ ತಿಕ್ಕಿ ತೊಳೆದ. ತನ್ನ ಮೈಯೇ ನಾರುತ್ತಿದೆಯೇನೋ ಎಂದು ದಿನಕ್ಕೆ ಮೂರು ಸಲ ಸಾಬೂನು ಹಚ್ಚಿ ಮಿಂದ.

ಎಂಟನೇ ದಿನ ಉಳಿವೆಪ್ಪನವರೂ ಸೇರಿ ಐವರು ಹಿರಿಯರು ಶಂಭುಲಿಂಗನ ಜೊತೆ ಮೂಗು ಮುಚ್ಚಿಕೊಂಡೇ ಬಂದರು. ಹಿತ್ತಲಿಗೆ ಇಣುಕುವ ಮೊದಲೇ ಮಾರಬೇಕೆಂದು ತೀರ್ಪು ಹೇಳಿದರು. ಶಂಭುಲಿಂಗನಂತೂ, ಹಂದಿ ನಾತವನ್ನು ತಾನು ಅರ್ಧ ಮೈಲಿಯಿಂದ ಗುರುತಿಸಬಲ್ಲೆ ಎಂದು ಬೀಗಿದ. ಗುದ್ಲೆಪ್ಪನಿಗೆ ರೇಗಿಹೋಯಿತು. ಹಿತ್ತಲ ಬಾಗಿಲನ್ನು ದಬಕ್ಕನೆ ತೆರೆದ.

"ಎಲ್ಲಿ ಅದಾವು, ತೋರಸ್ರಿ. ವಾರ ಆತು, ಹಂದಿ ಯಲವಿಗ್ಯಾಗ ಅದಾವು."

ಐದೂ ಮೂಗುಗಳು ಒಮ್ಮೆಲೇ ಗೋಡೆಯಾಚೆ ತಿರುಗಿದವು. ಖಾನಾವಳಿಯ ಹಿಂದೆ ಅಷ್ಟೂ ದಿನದ ಮುಸುರೆ ನಾಲ್ಕು ಡ್ರಮ್ಮು ತುಂಬಿ ಹುಳ ಬಿದ್ದಿತ್ತು. ದಿನಾ ಹೊತ್ತೊಯ್ಯುತ್ತಿದ್ದ ಗುದ್ಲೆಪ್ಪ, ಹಂದಿಯಿಲ್ಲದ ಮೇಲೆ ಅತ್ತ ಹಾಯ್ದಿರಲೇ ಇಲ್ಲ. ಉಳಿವೆಪ್ಪನವರು ಚಪ್ಪಲಿ ಮೆಟ್ಟಿದರು.

ಶಂಭುಲಿಂಗ ಟವೆಲ್ಲು ಕೆಳಗಿಳಿಸಿದ. "ಗುದ್ಲೆಪ್ಪ, ಹಂದಿ ಯಾವಾಗ ಬರ್ತಾವೊ?"

ಉತ್ತರ ಕೊಟ್ಟವಳು ಹುಚ್ಚವ್ವ. "ನಿನ್ನೆ ಈದೈತ್ರಿ, ಒಂಬತ್ತು ಮರಿ. ಬಾಣಂತನ ಮುಗಿಸ್ಕೊಂಡ ಬರ್ತೈತಿ. ಅವಸರ ಮಾಡಬ್ಯಾಡ್ರಿ."

ಮರುದಿನದಿಂದ ಯಲವಿಗಿ ದಾರಿಯಲ್ಲಿ ಒಂದು ಟಂಟಂ ಓಡಾಡತೊಡಗಿತು. ಹಿಂದೆ ಮುಸುರೆಯ ಡ್ರಮ್ಮುಗಳು, ಮುಂದೆ ಡ್ರೈವರನ ಪಕ್ಕ ಹಣೆತುಂಬ ವಿಭೂತಿಯ ಶಂಭುಲಿಂಗ, ಬಾಣಂತಿಗೆ ಊಟ ಒಯ್ಯುತ್ತಿದ್ದ.