ಗೊಂಬೆ ಎಲ್ಲಿ ಹುಡುಕೀತು

ಅನಗವಾಡಿಯಿಂದ ಎರಡು ಬಸ್ಸು ಬದಲಿಸಿ ಮಗಳನ್ನು ಜಮಖಂಡಿಗೆ ಕರೆತಂದ ಹೊಳೆವ್ವನಿಗೆ ಪರೀಕ್ಷೆಯ ಕೋಣೆಯಲ್ಲಿ ಒಂದೇ ಕಟ್ಟಪ್ಪಣೆ ಇತ್ತು. ಕೈ ಅಲ್ಲಾಡಿಸಬಾರದು.

“ಏನೂ ಸನ್ನಿ ಮಾಡಬ್ಯಾಡ್ರಿ. ಮಾಡಿದ್ರ ಪರೀಕ್ಷಾ ರದ್ದ,” ಎಂದಿದ್ದಳು ಪರೀಕ್ಷೆ ಮಾಡುವ ಪ್ರೀತಿ.

ಹೊಳೆವ್ವ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತಳು. ಹುಟ್ಟಿನಿಂದ ಕಿವಿ ಕೇಳದ ಮಗಳ ಜೊತೆ ಎಂಟು ವರ್ಷ ಕೈಯಲ್ಲೇ ಮಾತಾಡಿದವಳಿಗೆ ಇದು ಬಾಯಿ ಹೊಲಿದಂತೆಯೇ ಆಗಿತ್ತು.

ಮಾಯಾಳಿಗೆ ಕಿವುಡ ಮಕ್ಕಳ ಈ ವಸತಿ ಶಾಲೆಯಲ್ಲಿ ಸೀಟು ಬೇಕಿತ್ತು. ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯುವ ಬುದ್ಧಿ ಮಗುವಿಗೆ ಇದೆಯೋ ಇಲ್ಲವೋ ಎಂದು ಮೊದಲು ಅಳೆಯುತ್ತಾರಂತೆ. ಜೋಳವಾದರೆ ಸೇರಿನಲ್ಲಿ ಅಳೆಯಬಹುದು, ಮನಸ್ಸನ್ನು ಯಾವುದರಲ್ಲಿ ಅಳೆಯುತ್ತಾರೋ ಬೀರೇಶ್ವರನೇ ಬಲ್ಲ. ಇಲ್ಲವೆಂದಾದರೆ ಹಿಂದಿನ ಕೋಣೆ. ಅದನ್ನು ಹೊಳೆವ್ವ ಬರುವಾಗಲೇ ಕಿಟಕಿಯಿಂದ ನೋಡಿದ್ದಳು. ದೊಡ್ಡ ದೊಡ್ಡ ಮಕ್ಕಳು ಚಾಪೆಯ ಮೇಲೆ ಸುಮ್ಮನೆ ಕುಳಿತಿದ್ದರು. ಕಲಿಸುವವರು ಯಾರೂ ಇರಲಿಲ್ಲ.

ಮೇಜಿನ ಮೇಲೆ ಎರಡು ಗೊಂಬೆ, ಒಂದು ಬುಟ್ಟಿ, ಒಂದು ಡಬ್ಬಿ. ಕೆಂಪು ಗೊಂಬೆ ಬುಟ್ಟಿಯಲ್ಲಿ ಗೋಲಿ ಇಟ್ಟು, ಬಟ್ಟೆ ಮುಚ್ಚಿ ಹೊರಗೆ ಹೋಯಿತು. ಅದು ಇಲ್ಲದಾಗ ನೀಲಿ ಗೊಂಬೆ ಗೋಲಿಯನ್ನು ತೆಗೆದು ಡಬ್ಬಿಗೆ ಹಾಕಿತು. ಕೆಂಪು ಗೊಂಬೆ ತಿರುಗಿ ಬಂದಾಗ ಮೊದಲು ಎಲ್ಲಿ ಹುಡುಕೀತು ಎಂದು ಪ್ರೀತಿ ಸನ್ನೆಯಲ್ಲಿ ಕೇಳಿದಳು. ಬುಟ್ಟಿ ತೋರಿಸಿದರೆ ಸರಿ. ಬದಲಿಸಿದ್ದು ಆ ಗೊಂಬೆಗೆ ಗೊತ್ತಿಲ್ಲವಲ್ಲ, ಪಾಪ.

ಮಾಯಾ ಡಬ್ಬಿ ತೋರಿಸಿದಳು. ಪ್ರೀತಿ ಪೆನ್ಸಿಲ್ಲಿನಿಂದ ಸೊನ್ನೆ ಬರೆದಳು.

ಹೊಳೆವ್ವ ಮಗಳನ್ನೇ ನೋಡಿದಳು. ಅಪ್ಪನ ಬೀಡಿಕಟ್ಟು ಬಚ್ಚಿಟ್ಟು, ಅವನು ಅಂಗಿಯ ಕಿಸೆ ತಡಕುವುದನ್ನು ಮರೆಯಲ್ಲಿ ನಿಂತು ನೋಡಿ ನಗುವ ಹುಡುಗಿ ಇದು. ಆದರೂ, ಇವಳಿಗೆ ನಿಜವಾಗಿಯೂ ಬುದ್ಧಿ ಕಡಿಮೆಯೇ ಎಂಬ ಅನುಮಾನ ಒಂದು ಗಳಿಗೆ ಸುಳಿಯಿತು. ಸುಳಿದದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

“ಇನ್ನೊಂದ ಸಲ ಅಷ್ಟ,” ಎಂದರು ಬಾಗಿಲ ಬಳಿ ಕುಳಿತಿದ್ದ ಹೆಡ್‌ಮಾಸ್ತರು ಪರಮಾನಂದ. “ಅದೂ ತಪ್ಪಿದ್ರ ಕ್ಲಾಸಿನ್ಯಾಗ ಸೀಟ ಇಲ್ಲ.”

ಮತ್ತೆ ಅದೇ ಆಟ. ನೀಲಿ ಗೊಂಬೆ ಗೋಲಿ ಬದಲಿಸಿದ್ದೇ ತಡ, ಮಾಯಾ ಕೈಚಾಚಿ ಪ್ರೀತಿಯ ಪೆನ್ಸಿಲ್ ಎತ್ತಿಕೊಂಡು ಬುಟ್ಟಿಯ ಮೇಲೆ ಅಡ್ಡ ಇಟ್ಟಳು. ಪ್ರೀತಿ ಅದನ್ನು ತೆಗೆದಳು. ಮಾಯಾ ಕಸಿದುಕೊಂಡು ಮತ್ತೆ ಅಲ್ಲೇ ಇಟ್ಟಳು. ಕೆಂಪು ಗೊಂಬೆ ಬಂದಾಗ ಪುನಃ ಡಬ್ಬಿಯನ್ನೇ ತೋರಿಸಿದಳು.

ಪೆನ್ಸಿಲ್ಲಿನ ಮೊನೆ ಡಬ್ಬಿಯ ಕಡೆಗಿತ್ತು. ಹೊಳೆವ್ವ ಆಗ ನೋಡಿದಳು.

“ತಡೀರಿ ಅಕ್ಕಾರ, ಸೊನ್ನಿ ಬರೀಬ್ಯಾಡ್ರಿ,” ಎಂದಳು. ಕೈ ಮಾತ್ರ ತೊಡೆಯ ಕೆಳಗೇ ಇತ್ತು. “ನಾವು ಕುರಿಯವ್ರು. ಹಿನ್ನೀರ ಏರಿದ್ರ ದೊಡ್ಡಿ ಕಿತ್ತಕೊಂಡ ಬ್ಯಾರೆ ಕಡಿಗಿ ಹೊಕ್ಕೇವಿ. ಸಂತಿಗಿ ಹೋದ ನಮ್ಮ ಮನಿಯವ್ರಿಗೆ ಗೊತ್ತಾಗಬೇಕಲ್ರಿ? ಮೂರ ಕಲ್ಲ ಇಟ್ಟ, ಮ್ಯಾಲ ಕಡ್ಡಿ ಇಡತೇವಿ. ಕಡ್ಡಿ ತುದಿ ಎತ್ತಾಗೋ ಅತ್ತಾಗ ನಾವು. ನಮ್ಮ ಮನ್ಯಾಗ ಆ ಕಡ್ಡಿ ಇಡಾಕಿ ಇಕಿನ. ಇಡದ ಯಾರೂ ಜಾಗಾ ಬಿಡಂಗಿಲ್ರಿ. ಮೊದಲನೇ ಸಲ ನೀಲಿ ಗೊಂಬಿನೂ ಇಟ್ಟಿರತೈತಿ ಅಂತ ತಿಳದಾಳ್ರಿ.”

“ಹೆತ್ತವರಿಗೆ ಹೆಗ್ಗಣ ಮುದ್ದ,” ಎಂದರು ಪರಮಾನಂದ. “ಮುಂದಿನವರನ್ನ ಕರೀರಿ.”

ಪ್ರೀತಿ ಕರೆಯಲಿಲ್ಲ. ಬುಟ್ಟಿಯನ್ನೇ ನೋಡುತ್ತಿದ್ದಳು. “ಕಡ್ಡಿ ಯಾರರೆ ತಗದ ಒಗದ್ರ?” ಎಂದು ಹೊಳೆವ್ವನನ್ನು ಕೇಳಿದಳು.

“ಬಂದವ್ರು ಹಳೇ ಜಾಗಾದಾಗ ಹುಡುಕ್ಯಾಡತಾರ್ರಿ. ಅದು ಇಕಿಗೂ ಗೊತ್ತೈತಿ.”

“ಪರೀಕ್ಷಾ ಪುಸ್ತಕದಾಗ ಮೂರನೇ ಸಲ ಅನ್ನೂದ ಇಲ್ಲ,” ಎಂದರು ಪರಮಾನಂದ.

“ಇನ್ನೊಂದ ಸಲ ಮಾಡತೇನ್ರಿ ಸರ್. ತಪ್ಪಾದ್ರ ನನ್ನ ಮ್ಯಾಲಿರಲಿ.”

ಪರಮಾನಂದ ಗಡಿಯಾರ ನೋಡಿದರು. “ಇದ ಕಡೀದ. ಇದೂ ಡಬ್ಬಿ ಅಂದ್ಲಂದ್ರ ಹಿಂದಿನ ಖೋಲಿ. ಮತ್ತ ಮಾತಿಲ್ಲ.”

ಹೊಳೆವ್ವ ಕೈಗಳನ್ನು ಇನ್ನಷ್ಟು ಒತ್ತಿಕೊಂಡಳು. ಗಂಡನ ಎದುರು, ಊರಿನ ಎದುರು ಮಗಳ ಪರವಾಗಿ ಎಷ್ಟು ಜಗಳ ಆಡಿದ್ದಳೋ ಲೆಕ್ಕವಿಲ್ಲ. ಇಲ್ಲಿ ಕಣ್ಸನ್ನೆ ಮಾಡುವಂತೆಯೂ ಇರಲಿಲ್ಲ.

ಗೋಲಿ ಬುಟ್ಟಿಗೆ ಬಿತ್ತು. ಕೆಂಪು ಗೊಂಬೆ ಹೋಯಿತು. ಗೋಲಿ ಡಬ್ಬಿಗೆ ಬಂತು. ಮಾಯಾ ಪೆನ್ಸಿಲ್ ಇಟ್ಟಳು. ಈ ಸಲ ಪ್ರೀತಿ ನೀಲಿ ಗೊಂಬೆಯ ಕೈಯಿಂದಲೇ ಪೆನ್ಸಿಲ್ ತೆಗೆಸಿ, ಅದರ ಬೆನ್ನ ಹಿಂದೆ ಮುಚ್ಚಿಟ್ಟಳು. ಕೆಂಪು ಗೊಂಬೆ ತಿರುಗಿ ಬಂತು. ಎಲ್ಲಿ ಹುಡುಕೀತು?

ಮಾಯಾಳ ಮುಖ ಬಿಗಿಯಿತು. ಡಬ್ಬಿಯ ಕಡೆ ಬೆರಳು ಹೊರಟಿತು. ಹೊಳೆವ್ವ ಕಣ್ಣು ಮುಚ್ಚಿ, ತಡೆಯಲಾರದೆ ಮತ್ತೆ ತೆರೆದಳು. ಬೆರಳು ಅರ್ಧದಲ್ಲೇ ನಿಂತಿತ್ತು. ಹುಡುಗಿ ಕೆಂಪು ಗೊಂಬೆಯನ್ನು ದಿಟ್ಟಿಸಿ ನೋಡಿದಳು. ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ, ಬರಿದಾದ ಬುಟ್ಟಿಯನ್ನು ತೋರಿಸಿದಳು.

ಪ್ರೀತಿ ಬರೆಯಲೆಂದು ಪೆನ್ಸಿಲ್ಲಿಗೆ ಕೈಹಾಕಿದಳು. ಮಾಯಾ ಬಿಡಲಿಲ್ಲ. ಅದನ್ನು ಕಿತ್ತುಕೊಂಡು ಬುಟ್ಟಿಯ ಮೇಲಿಟ್ಟು, ಅಂಗೈಯಿಂದ ಅದುಮಿ ಹಿಡಿದು, ಇನ್ನೊಂದು ಕೈಯನ್ನು ಪ್ರೀತಿಯ ಮುಖದ ಮುಂದೆ ಝಾಡಿಸಿದಳು. ಕಣ್ಣಲ್ಲಿ ನೀರಿತ್ತು.

“ಏನ ಅನ್ನಾಕತ್ತಾಳ್ರಿ? ಈ ನಿಮ್ಮ ಮನಿ ಸನ್ನಿ ನನಗ ತಿಳೀವಲ್ದು,” ಪ್ರೀತಿ ಕೇಳಿದಳು.

“ಬೈಯಾಕತ್ತಾಳ್ರಿ,” ಎಂದಳು ಹೊಳೆವ್ವ. “ಆ ಕೆಂಪ ಗೊಂಬಿ ಎಷ್ಟೊತ್ತ ಹುಡುಕಬೇಕು ಅಂತ.”

ಪ್ರೀತಿ ಕೆಂಪು ಗೊಂಬೆಯನ್ನು ಎತ್ತಿ, ಬುಟ್ಟಿಯ ಹತ್ತಿರ ತಂದು, ಪೆನ್ಸಿಲ್ಲಿನ ಗುಂಟ ನಡೆಸುತ್ತಾ ಡಬ್ಬಿಯವರೆಗೆ ಕರೆದೊಯ್ದಳು. ಮುಚ್ಚಳ ತೆಗೆಸಿದಳು. ಗೊಂಬೆಯ ಕೈಗೆ ಗೋಲಿ ಬಂತು.

ಮಾಯಾ ಉಸಿರು ಬಿಟ್ಟಳು. ಆಮೇಲೆ ಪೆನ್ಸಿಲ್ಲನ್ನು ತಾನೇ ಎತ್ತಿ ಪ್ರೀತಿಯ ಕೈಗೆ ಕೊಟ್ಟು, ಇನ್ನು ಬರೆ ಎಂದು ಸನ್ನೆ ಮಾಡಿದಳು.